ಎಕ್ಸ್-ರೇ ಧ್ರುವೀಕರಣ ಅಳೆಯುವ ಅನಿಲ ಡಿಟೆಕ್ಟರ್: ಬಳಸಿ ಕಂಡದ್ದು

ಡೈಮೀಥೈಲ್ ಈಥರ್ ಎಂಬ ಅನಿಲ ತುಂಬಿದ ಈ ಗ್ಯಾಸ್ ಪಿಕ್ಸೆಲ್ ಡಿಟೆಕ್ಟರನ್ನು ಪ್ರಯೋಗಾಲಯದಲ್ಲಿ ಬಳಸಿದ ಮೇಲೆ ನನಗೆ ಅದರ ಬಗ್ಗೆ ಗೌರವ ಹೆಚ್ಚಿದೆ. ಎಕ್ಸ್-ರೇ ಫೋಟಾನ್ ಅನಿಲದ ಪರಮಾಣುವಿನಿಂದ ಹೊರದೂಡುವ ಎಲೆಕ್ಟ್ರಾನ್, ಆ ಕಿರಣದ ವಿದ್ಯುತ್ ಕ್ಷೇತ್ರದ ದಿಕ್ಕಿನತ್ತಲೇ ಹೆಚ್ಚಾಗಿ ಚಿಮ್ಮುವುದರಿಂದ, ಅದು ಬಿಟ್ಟುಹೋದ ಜಾಡನ್ನು ಜೆಮ್ ಎಂಬ, ಎಲೆಕ್ಟ್ರಾನ್‌ಗಳ ಸಂಖ್ಯೆ ಹೆಚ್ಚಿಸುವ ಸೂಕ್ಷ್ಮ ರಂಧ್ರಗಳ ಹಾಳೆಯಲ್ಲಿ ವರ್ಧಿಸಿ ಪಿಕ್ಸೆಲ್‌ಗಳ ಮೇಲೆ ಚಿತ್ರವಾಗಿ ಓದಿದರೆ, ಅಂಥ ಅನೇಕ ಜಾಡುಗಳಿಂದ ಧ್ರುವೀಕರಣ, ಅಂದರೆ ಆ ವಿದ್ಯುತ್ ಕ್ಷೇತ್ರ ಯಾವ ದಿಕ್ಕಿಗೆ ಎಷ್ಟು ಒಲಿದಿದೆ ಎಂಬುದು, ತಿಳಿಯುತ್ತದೆ. ವಿಕಿರಣಶೀಲ ಕಬ್ಬಿಣ-55 ಆಕರದ 5.9 ಕೆಇವಿ (ಕಿಲೋ ಎಲೆಕ್ಟ್ರಾನ್ ವೋಲ್ಟ್, ಶಕ್ತಿಯ ಮಾನ) ಕಿರಣ ಬಿದ್ದಾಗ ಪರದೆಯ ಮೇಲೆ ಬಾಗಿದ ಪುಟ್ಟ ಎಳೆಯೊಂದು ಮೂಡಿ, ಅದರ ಕೊನೆಯಲ್ಲಿ ವಿದ್ಯುದಾವೇಶ ದಟ್ಟವಾಗುವುದನ್ನು ಎಷ್ಟು ನೋಡಿದರೂ ಸಾಲದು. ಆದರೆ ದಿಕ್ಕನ್ನು ಹೇಳುವುದು ಆ ದಟ್ಟ ತುದಿಯಲ್ಲ, ಮಂಕಾದ ಆರಂಭ. 2 ಕೆಇವಿ ಸಮೀಪ ಜಾಡು ತೀರ ಗಿಡ್ಡವಾಗುವುದರಿಂದ ಫಲಿತಾಂಶ ದುರ್ಬಲ. ಒಳಗಿನ ವಸ್ತುಗಳು ಈಥರನ್ನು ಹೀರಿ ಒತ್ತಡ ನಿಧಾನವಾಗಿ ಇಳಿಯುವುದು ನನ್ನ ಮುಖ್ಯ ಆಕ್ಷೇಪ. ಹಾಗಾಗಿ ಗೇನನ್ನು, ಅಂದರೆ ವರ್ಧನೆಯ ಪ್ರಮಾಣವನ್ನು, ಆಗಾಗ ಅಳೆಯಲೇಬೇಕು. ಆಕಾಶಕಾಯಗಳ ಎಕ್ಸ್-ರೇ ಧ್ರುವೀಕರಣ ಅಳೆಯಲು 2021ರಲ್ಲಿ ಹಾರಿದ ಐಎಕ್ಸ್‌ಪಿಇ ಉಪಗ್ರಹದಲ್ಲಿರುವುದೂ ಇದೇ ಬಗೆಯ ಡಿಟೆಕ್ಟರ್.