ಬಿಲ್ ಕೊಟ್ಟ ಮೇಲೆ ದುಡ್ಡು ಬರೋ ತನಕ: ಮೂರು ಬಿಸಿನೆಸ್ ಪುಸ್ತಕಗಳು

ಸಣ್ಣ ಉದ್ದಿಮೆಯವರಿಗೆ, ಸ್ವಂತವಾಗಿ ಕನ್ಸಲ್ಟಿಂಗ್ ಮಾಡುವವರಿಗೆ ಅಂತ ಸಿಗುವ ಪುಸ್ತಕಗಳಲ್ಲಿ ಬಹುಪಾಲು ಅಮೆರಿಕದವು. ಪೀಣ್ಯದಲ್ಲಿ ನಾಲ್ಕು ಮಷಿನ್ ಇಟ್ಟು ಜಾಬ್ ವರ್ಕ್ (ಬೇರೆ ಕಂಪನಿಗಳು ಕೊಟ್ಟ ಕೆಲಸ) ಮಾಡುವವರಿಗೂ, ಅಂಥವರಿಗೆ ಸಲಹೆ ಕೊಟ್ಟು ಬದುಕುವ ನನ್ನಂಥವರಿಗೂ ಇರುವ ದೊಡ್ಡ ತಲೆನೋವು ಮಾತ್ರ ಒಂದೇ: ಕೆಲಸ ಮುಗಿಸಿ, ಬಿಲ್ ಕೊಟ್ಟು, ಪೇಮೆಂಟ್‌ಗೆ ತಿಂಗಳುಗಟ್ಟಲೆ ಕಾಯುವುದು. ಹಾಗಾಗಿ ಇಂಥ ಯಾವ ಪುಸ್ತಕ ಕೈಗೆ ಬಂದರೂ ನಾನು ಕೇಳಿಕೊಳ್ಳುವುದು ಇಷ್ಟೇ. ಗಿರಾಕಿ 90 ದಿನ ದುಡ್ಡು ಕೊಡದಿದ್ದರೂ ಈ ಸಲಹೆ ಉಪಯೋಗಕ್ಕೆ ಬರುತ್ತದಾ?

ಮೊದಲು ಮೈಕೆಲ್ ಗರ್ಬರ್ ಅವರ 'ದಿ ಇ-ಮಿತ್ ರೀವಿಸಿಟೆಡ್'. 1995ರದ್ದು, ಈಗಲೂ ಎಲ್ಲರೂ ಮೊದಲು ಹೇಳುವ ಹೆಸರು. ಸಾರಾ ಅನ್ನುವ ಹೆಂಗಸು ಪೈ ಅಂಗಡಿ ಇಟ್ಟು, ಎಲ್ಲ ಕೆಲಸ ತಾನೇ ಮಾಡಿ ಸುಸ್ತಾಗಿರುತ್ತಾಳೆ. ಅವಳ ಜೊತೆ ಮಾತಾಡುತ್ತಾ ಲೇಖಕರು ತಮ್ಮ ವಿಚಾರ ಬಿಡಿಸುತ್ತಾರೆ. ಕೈಕೆಲಸ ಚೆನ್ನಾಗಿ ಬಂದ ಮಾತ್ರಕ್ಕೆ ಆ ಕೆಲಸದ ವ್ಯಾಪಾರ ನಡೆಸುವುದೂ ಬರುತ್ತದೆ ಅಂದುಕೊಳ್ಳಬೇಡಿ ಅನ್ನುವುದು ಅದರ ತಿರುಳು. ಮಾತು ನೂರಕ್ಕೆ ನೂರು ನಿಜ. ಯಾವ ಕೆಲಸ ಹೇಗೆ ಮಾಡಬೇಕು ಅಂತ ಬರೆದಿಡಿ, ನೀವಿಲ್ಲದಿದ್ದರೂ ಅಂಗಡಿ ನಡೆಯಬೇಕು ಅನ್ನುತ್ತಾರೆ, ಅದಕ್ಕೆ ಮೆಕ್‌ಡೊನಾಲ್ಡ್ಸ್ ಉದಾಹರಣೆ ಕೊಡುತ್ತಾರೆ. ನಮಗೆ ಅಷ್ಟು ದೂರ ಹೋಗುವುದೇ ಬೇಡ. 1980ರ ದಶಕದಲ್ಲಿ ಬೆಂಗಳೂರಲ್ಲಿ ಶುರುವಾದ ದರ್ಶಿನಿಗಳು ಇದನ್ನೇ ಮಾಡಿದವು. ಕಡಿಮೆ ಐಟಂ, ಮೊದಲು ಟೋಕನ್, ನಿಂತು ತಿನ್ನುವುದು, ಅಡುಗೆಯವರು ಬದಲಾದರೂ ಅದೇ ಸೈಜಿನ ಇಡ್ಲಿ. ಅದರ ಜೊತೆಗೆ ಅಲ್ಲಿ ದುಡ್ಡು ಮೊದಲೇ ಬರುತ್ತದೆ, ಸಾಲದ ಮಾತೇ ಇಲ್ಲ. ಅಂಗಡಿ, ಹೋಟೆಲ್, ಸಲೂನ್ ಇಟ್ಟವರು ಈ ಪುಸ್ತಕ ಓದಲಿ. ಕನ್ಸಲ್ಟೆಂಟ್‌ಗಳಿಗೆ ಮೊದಲ ಭಾಗ ಸಾಕು, ಆಮೇಲೆ ಅದೇ ಅದೇ ಮಾತು ಜಾಸ್ತಿ.

ಎರಡನೆಯದು ಮೈಕ್ ಮಿಕಾಲೊವಿಟ್ಸ್ ಅವರ 'ಪ್ರಾಫಿಟ್ ಫಸ್ಟ್'. ಖರ್ಚೆಲ್ಲ ಕಳೆದು ಉಳಿದದ್ದು ಲಾಭ ಅಲ್ಲ, ಮೊದಲು ಲಾಭ ತೆಗೆದಿಟ್ಟು ಉಳಿದದ್ದರಲ್ಲಿ ಖರ್ಚು ನಡೆಸಿ ಅನ್ನುತ್ತಾರೆ. ಅದಕ್ಕೆ ಬ್ಯಾಂಕಿನಲ್ಲಿ ಐದು ಖಾತೆ: ಬಂದ ದುಡ್ಡಿಗೊಂದು, ಲಾಭಕ್ಕೊಂದು, ಮಾಲೀಕರ ಸಂಬಳಕ್ಕೊಂದು, ತೆರಿಗೆಗೊಂದು, ಖರ್ಚಿಗೊಂದು. ತಿಂಗಳ 10 ಮತ್ತು 25ನೇ ತಾರೀಕು ಹಂಚಬೇಕು. ಲಾಭದ ಪಾಲು ಶುರುವಿಗೆ 1% ಇದ್ದರೂ ಸಾಕಂತೆ. ನಮ್ಮ ಎಷ್ಟೋ ಮಾಲೀಕರು ಗಲ್ಲಾದ ದುಡ್ಡನ್ನೂ ಮನೆ ದುಡ್ಡನ್ನೂ ಒಂದೇ ಮಾಡಿಕೊಂಡು, ವರ್ಷದ ಕೊನೆಗೆ ಆಡಿಟರ್ ಹೇಳಿದ ಮೇಲೇ ಲಾಭವೋ ನಷ್ಟವೋ ತಿಳಿಯುವವರು, ಅಲ್ವಾ? ಅಂಥವರಿಗೆ ಇದಕ್ಕಿಂತ ಸುಲಭದ ಶಿಸ್ತು ನಾನು ಬೇರೆಲ್ಲೂ ನೋಡಿಲ್ಲ. ಇನ್ನೊಂದು ಒಳ್ಳೆಯ ಮಾತಿದೆ. ಕಚ್ಚಾ ಮಾಲಿಗೂ ಹೊರಗೆ ಕೊಟ್ಟ ಕೆಲಸಕ್ಕೂ ಹೋಗುವ ದುಡ್ಡನ್ನು ಮೊದಲು ಕಳೆದು, ಉಳಿದದ್ದನ್ನು ಮಾತ್ರ ನಿಮ್ಮ ನಿಜವಾದ ಆದಾಯ ಅಂತ ನೋಡಿ ಅನ್ನುತ್ತಾರೆ. ಟರ್ನೋವರ್ ನೋಡಿ ಹಿಗ್ಗುವವರು ಈ ಒಂದು ಲೆಕ್ಕ ಹಾಕಿದರೂ ಪುಸ್ತಕದ ದುಡ್ಡು ವಸೂಲಿ.

ಆದರೆ ಈ ಪುಸ್ತಕದ ಲೆಕ್ಕ ಶುರುವಾಗುವುದು ದುಡ್ಡು ಖಾತೆಗೆ ಬಂದ ದಿನದಿಂದ. ನಮ್ಮ ಕಷ್ಟ ಶುರುವಾಗುವುದು ಅದಕ್ಕೂ ಮೊದಲು. ನೀವು 1,00,000 ರೂಪಾಯಿಯ ವೃತ್ತಿಪರ ಶುಲ್ಕಕ್ಕೆ ಬಿಲ್ ಹಾಕಿದಿರಿ ಅನ್ನಿ. 18% ಜಿಎಸ್‌ಟಿ ಸೇರಿ 1,18,000. ಪ್ರತಿ ತಿಂಗಳು ರಿಟರ್ನ್ ಹಾಕುವವರಾದರೆ ಮುಂದಿನ ತಿಂಗಳ 20ರೊಳಗೆ ಆ 18,000 ಕಟ್ಟಬೇಕು, ಗಿರಾಕಿ ದುಡ್ಡು ಕೊಟ್ಟಿರಲಿ ಬಿಡಲಿ. ಕೊನೆಗೆ ಪೇಮೆಂಟ್ ಬಂದಾಗ 1,00,000ದ ಶುಲ್ಕದ ಮೇಲೆ 10% ಟಿಡಿಎಸ್ (ಗಿರಾಕಿಯೇ ಹಿಡಿದು ಸರ್ಕಾರಕ್ಕೆ ಕಟ್ಟುವ ನಿಮ್ಮ ಆದಾಯ ತೆರಿಗೆ) ಕಳೆದು ಕೈಗೆ ಬರುವುದು 1,08,000. ನೀವು ಕಟ್ಟಿದ ಜಿಎಸ್‌ಟಿ ಕಳೆದರೆ 90,000. ಹಂಚಬೇಕಾದದ್ದು ಇದನ್ನು. ಹಾಗಾಗಿ ನಮ್ಮಲ್ಲಿ ಜಿಎಸ್‌ಟಿಗೆ ಒಂದು ಖಾತೆ ಬೇರೆಯೇ ಇರಬೇಕು, ಅದರಲ್ಲಿ ಮುಂಚಿತವಾಗಿ ಸ್ವಲ್ಪ ದುಡ್ಡೂ ಇರಬೇಕು. ಓಡಿ (ಬ್ಯಾಂಕ್ ಓವರ್‌ಡ್ರಾಫ್ಟ್) ಸಾಲ ಇರುವವರು ಇನ್ನೊಂದು ವಿಷಯ ನೋಡಿಕೊಳ್ಳಿ. ಓಡಿಗೆ ಬಡ್ಡಿ ಕಟ್ಟುತ್ತಾ, ಪಕ್ಕದ ಕರೆಂಟ್ ಖಾತೆಯಲ್ಲಿ ಬಡ್ಡಿಯೇ ಇಲ್ಲದೆ ಲಾಭದ ದುಡ್ಡು ಇಡುವುದರಲ್ಲಿ ಅರ್ಥವಿಲ್ಲ. ಮೊದಲು ಆ ಸಾಲ ಇಳಿಸಿ.

ಮೂರನೆಯದು ನನಗೆ ತುಂಬಾ ಇಷ್ಟವಾದದ್ದು. ಪೀಟರ್ ಬ್ಲಾಕ್ ಅವರ 'ಫ್ಲಾಲೆಸ್ ಕನ್ಸಲ್ಟಿಂಗ್', ಮೊದಲು ಬಂದದ್ದು 1981ರಲ್ಲಿ. ಕನ್ಸಲ್ಟೆಂಟ್ ಮೂರು ಥರ ಅನ್ನುತ್ತಾರೆ: ಎಲ್ಲ ಬಲ್ಲ ಪರಿಣತ, ಹೇಳಿದಷ್ಟು ಮಾಡುವ ಕೈಯಾಳು, ಜೊತೆಗೆ ಕೂತು ಬಿಡಿಸುವವರು. ನಮ್ಮಲ್ಲಿ ಬಹಳ ಜನ ಕೈಯಾಳಾಗಿಯೇ ಉಳಿಯುತ್ತಾರೆ. ಮಾಲೀಕರು ಗುಣಮಟ್ಟದ 'ಸರ್ಟಿಫಿಕೇಟ್ ಮಾಡಿಸಿಕೊಡಿ' ಅನ್ನುತ್ತಾರೆ, ಇವರು ಫೈಲ್ ತುಂಬಿಸಿಕೊಡುತ್ತಾರೆ, ಶಾಪ್ ಫ್ಲೋರ್‌ನಲ್ಲಿ ರಿಜೆಕ್ಷನ್ (ಸರಿಯಿಲ್ಲ ಅಂತ ತಿರಸ್ಕಾರವಾಗುವ ಮಾಲು) ಇದ್ದಷ್ಟೇ ಇರುತ್ತದೆ.

ಈ ಪುಸ್ತಕದ ಜೀವ ಇರುವುದು ಗಿರಾಕಿ ಒಳಗೊಳಗೇ ಹಿಂದೇಟು ಹಾಕುವುದರ ಬಗ್ಗೆ ಬರೆದಲ್ಲಿ. ಟೈಮೇ ಇಲ್ಲ ಅನ್ನುವುದು, ಇನ್ನೂ ವಿವರ ಬೇಕು ಅನ್ನುವುದು, ಇದೆಲ್ಲ ನಮ್ಮಲ್ಲಿ ನಡೆಯಲ್ಲ ಅನ್ನುವುದು, ಸುಮ್ನೆ ಕೂರುವುದು, ಎಲ್ಲವೂ ಒಂದೇ ಜಾತಿಯವು. ಎಲ್ಲದಕ್ಕೂ ತಲೆಯಾಡಿಸುವುದನ್ನೂ ಅವರು ಇದೇ ಪಟ್ಟಿಗೆ ಸೇರಿಸಿದ್ದಾರೆ. 'ಆಯ್ತು ಸಾರ್, ಮಾಡೋಣ ಸಾರ್' ಅಂದು ಏನೂ ಮಾಡದವರನ್ನು ಯಾರು ನೋಡಿಲ್ಲ ಹೇಳಿ! ಇದಕ್ಕೆ ಅವರು ಹೇಳುವ ದಾರಿ ಸರಳ. ವಾದ ಮಾಡಬೇಡಿ. ಕಂಡದ್ದನ್ನು ಬೈಗುಳವಿಲ್ಲದೆ ನೇರವಾಗಿ ಹೇಳಿ, ಹೇಳಿದ ಮೇಲೆ ಬಾಯಿ ಮುಚ್ಚಿ ಕೂತು ಅವರು ಮಾತಾಡಲು ಬಿಡಿ. 'ನೀವು ಒಪ್ಪುತ್ತಿದ್ದೀರಿ, ಆದರೆ ಮನಸ್ಸಿಲ್ಲ ಅನ್ನಿಸುತ್ತಿದೆ ಸಾರ್' ಅಂತ ಹೇಳಿ ನೋಡಿ. ನನ್ನ ಅನುಭವದಲ್ಲಿ ನಿಜವಾದ ಕಾರಣ ಆಗಲೇ ಹೊರಗೆ ಬರುವುದು. ಬಹಳ ಸಲ ಅದು ದುಡ್ಡಿನದೇ, ಕೆಲವು ಸಲ ಅಣ್ಣ ತಮ್ಮಂದಿರ ಜಗಳ.

ಮೊದಲ ಮೀಟಿಂಗ್‌ನಲ್ಲೇ ನಿಮಗೆ ಏನು ಬೇಕು ಅಂತ ಬಾಯಿಬಿಟ್ಟು ಕೇಳಿ ಅಂತಲೂ ಬ್ಲಾಕ್ ಒತ್ತಿ ಒತ್ತಿ ಹೇಳುತ್ತಾರೆ. ಅವರು ನಮ್ಮ ಕಾನೂನಿನ ಬಗ್ಗೆ ಬರೆದಿಲ್ಲ, ನಿಜ. ಆದರೆ 2006ರ ಎಂಎಸ್‌ಎಂಇ (ಕಿರು, ಸಣ್ಣ, ಮಧ್ಯಮ ಉದ್ದಿಮೆಗಳ) ಕಾಯ್ದೆಯನ್ನು ಪಕ್ಕದಲ್ಲಿಟ್ಟುಕೊಂಡರೆ ಅವರ ಮಾತಿಗೆ ಇಲ್ಲಿ ಬಲ ಬರುತ್ತದೆ. ಕೇಂದ್ರ ಸರ್ಕಾರದ ಉದ್ಯಮ್ ನೋಂದಣಿ ಇರುವ ಕಿರು, ಸಣ್ಣ ಉದ್ದಿಮೆಗೆ, ಸೇವೆ ಕೊಡುವವರಿಗೂ, ಲಿಖಿತ ಒಪ್ಪಂದ ಇದ್ದರೆ ಹೆಚ್ಚೆಂದರೆ 45 ದಿನದಲ್ಲಿ, ಇಲ್ಲದಿದ್ದರೆ 15 ದಿನದಲ್ಲಿ ಪೇಮೆಂಟ್ ಆಗಬೇಕು. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಗಡುವು ಮೀರಿದ ಬಾಕಿಯನ್ನು ಗಿರಾಕಿ ತನ್ನ ತೆರಿಗೆ ಲೆಕ್ಕದಲ್ಲಿ ನಿಜವಾಗಿ ಕೊಟ್ಟ ವರ್ಷದಲ್ಲೇ ಖರ್ಚು ಅಂತ ತೋರಿಸಬೇಕು ಅನ್ನುವ ನಿಯಮವೂ 2023ರ ಹಣಕಾಸು ಕಾಯ್ದೆಯಿಂದ ಬಂದಿದೆ, ಕೊಡದಿದ್ದರೆ ಆ ವರ್ಷ ಅವರ ತೆರಿಗೆ ಜಾಸ್ತಿ, ಹಾಗಾಗಿ ಮಾರ್ಚ್ ಹತ್ತಿರ ಬಂದಾಗ ಗಿರಾಕಿಯ ಆಡಿಟರೇ ಬಾಕಿ ತೀರಿಸಿ ಅನ್ನುತ್ತಾರೆ. ನೋಂದಣಿಗೆ ಶುಲ್ಕವಿಲ್ಲ. ನಾನು ಕೊಟೇಶನ್‌ನಲ್ಲೇ ಉದ್ಯಮ್ ನಂಬರನ್ನೂ ಪೇಮೆಂಟ್ ದಿನವನ್ನೂ ಬರೆಯುತ್ತೇನೆ, ಮುಂಗಡ ಎಷ್ಟು ಅನ್ನುವುದನ್ನು ಕೆಲಸದ ಮಾತಿಗಿಂತ ಮೊದಲೇ ಎತ್ತುತ್ತೇನೆ. ಗಿರಾಕಿ ಅಲ್ಲೇ ಮುಖ ಗಂಟು ಹಾಕಿಕೊಂಡರೆ ಬ್ಲಾಕ್ ಹೇಳಿದಂತೆ ಅದನ್ನೂ ಕೇಳಿಬಿಡುತ್ತೇನೆ.

ಮೂರರಲ್ಲಿ ಒಂದನ್ನೇ ಕೊಳ್ಳುವುದಾದರೆ, ಕನ್ಸಲ್ಟೆಂಟ್‌ಗಳು ಬ್ಲಾಕ್ ಕೊಳ್ಳಿ, ವರ್ಕ್‌ಶಾಪ್ ಇಟ್ಟವರು 'ಪ್ರಾಫಿಟ್ ಫಸ್ಟ್' ಕೊಂಡು ಶೇಕಡಾವಾರು ಹಂಚಿಕೆಯನ್ನು ನಿಮ್ಮ ಆಡಿಟರ್ ಜೊತೆ ಕೂತು ತಿದ್ದಿಕೊಳ್ಳಿ. ಅಲ್ಲಿನ ಅಂಕಿಗಳು ಅಮೆರಿಕದ ತೆರಿಗೆಗೆ ಹೊಂದುವಂಥವು.