ಕ್ಲೋನ್‌ಜಿಲ್ಲಾ: ಆರು ವರ್ಷ ಬಳಸಿದ ಡಿಟಿಪಿ ಅಂಗಡಿಯವನ ವಿಮರ್ಶೆ

ದಾವಣಗೆರೆಯಲ್ಲಿ ನನ್ನದೊಂದು ಚಿಕ್ಕ ಡಿಟಿಪಿ ಅಂಗಡಿ. ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡು, ಬಿಲ್ ಬುಕ್ಕು, ಚುನಾವಣೆ ಬಂದರೆ ಕರಪತ್ರ. ಇಡೀ ಅಂಗಡಿ ನಿಂತಿರುವುದು ಒಂದೇ ಕಂಪ್ಯೂಟರಿನ ಮೇಲೆ. ಅದರಲ್ಲಿ ಕನ್ನಡ ಟೈಪಿಗೆ ನುಡಿ ಇದೆ, ಪುಟ ಜೋಡಿಸಲು ಹಳೇ ಪೇಜ್‌ಮೇಕರ್ ಇದೆ, ಚಿತ್ರಕ್ಕೆ ಕೋರಲ್ ಡ್ರಾ ಇದೆ, ಹದಿನೈದು ವರ್ಷದಿಂದ ಕೂಡಿಟ್ಟ ಫಾಂಟುಗಳಿವೆ. ಪೇಜ್‌ಮೇಕರಿನ ಸಿಡಿ ಮೇಲೆ ಗೀರು ಬಿದ್ದು ಈಗ ಯಾವ ಡ್ರೈವೂ ಅದನ್ನು ಓದುವುದಿಲ್ಲ. ಹಾಗಾಗಿ ಆ ವಿಂಡೋಸ್ ಹೋದರೆ ಪೇಜ್‌ಮೇಕರೂ ಹೋದಂತೆ. ಬರೀ ಫೈಲು ಕಾಪಿ ಮಾಡಿಟ್ಟುಕೊಂಡರೆ ನನಗೆ ಸಾಲದು. ಡಿಸ್ಕು ಹೇಗಿದೆಯೋ ಹಾಗೇ ಎತ್ತಿಡಬೇಕು. ಕ್ಲೋನ್‌ಜಿಲ್ಲಾ ಅನ್ನೋ ಸಾಫ್ಟ್‌ವೇರ್ ಮಾಡುವುದು ಅದನ್ನೇ.

ಇದು ಗೊತ್ತಾಗಿದ್ದು ಕೆಟ್ಟ ಮೇಲೆ. 2018ರಲ್ಲಿ ಸಿ ಡ್ರೈವ್ ತುಂಬಿ ಕೆಂಪಾಯಿತು. 500 ಜಿಬಿ ಡಿಸ್ಕಿನಲ್ಲಿ ಸಿಗೆ ಬರೀ 60 ಜಿಬಿ, ಉಳಿದಿದ್ದೆಲ್ಲ ಡಿ. ಅಸೆಂಬಲ್ ಮಾಡಿಕೊಟ್ಟವರು ಹಾಗೆ ಹಂಚಿದ್ದರು. ವಿಂಡೋಸಿನ ಡಿಸ್ಕ್ ಮ್ಯಾನೇಜ್‌ಮೆಂಟಿಗೆ ಹೋಗಿ ಸಿ ಮೇಲೆ ರೈಟ್ ಕ್ಲಿಕ್ ಮಾಡಿದರೆ 'ಎಕ್ಸ್‌ಟೆಂಡ್ ವಾಲ್ಯೂಮ್' ಮಂಕಾಗಿ ಕೂತಿರುತ್ತಿತ್ತು. ಸಿಗೆ ಅಂಟಿಕೊಂಡು ಬಲಗಡೆ ಖಾಲಿ ಜಾಗ ಇದ್ದರೆ ಮಾತ್ರ ಅದು ಕೆಲಸ ಮಾಡುತ್ತದೆ. ಡಿ ಆಚೆ ಎಷ್ಟು ಜಾಗ ಖಾಲಿ ಮಾಡಿಕೊಟ್ಟರೂ ಉಪಯೋಗ ಇಲ್ಲ. ಡಿ ಡ್ರೈವನ್ನೇ ಒಳಗಿನ ಫೈಲುಗಳ ಸಮೇತ ಬಲಕ್ಕೆ ಸರಿಸಬೇಕು.

ರಿಪೇರಿಗೆ ಬಂದ ಹುಡುಗ "ಅರ್ಧ ಗಂಟೆ ಕೆಲಸ ಅಣ್ಣಾ" ಅಂದು ಡಿಸ್ಕಿನ ಪಾಲುಗಳನ್ನು (ಪಾರ್ಟಿಷನ್) ಸರಿಸುವ ಯಾವುದೋ ಸಾಫ್ಟ್‌ವೇರ್ ಹಾಕಿದ. ಬ್ಯಾಕಪ್ ಬೇಡವೇನಪ್ಪಾ ಅಂತ ಕೇಳಿದೆ. "ಏನೂ ಆಗಲ್ಲ ಬಿಡ್ರಿ." 43 ಪರ್ಸೆಂಟಿಗೆ ಕರೆಂಟ್ ಹೋಯಿತು. ಯುಪಿಎಸ್ ಬ್ಯಾಟರಿ ನಾಲ್ಕು ನಿಮಿಷ ಕೂಗಿ ಅದೂ ಸುಮ್ಮನಾಯಿತು. ಮತ್ತೆ ಆನ್ ಮಾಡಿದರೆ ಡಿ ಡ್ರೈವಿನ ಮುಂದೆ ಎನ್‌ಟಿಎಫ್‌ಎಸ್ (ವಿಂಡೋಸ್ ಫೈಲು ಜೋಡಿಸಿಡುವ ರೀತಿ) ಅಂತ ಇರಬೇಕಾದ ಕಡೆ 'ರಾ' ಅಂತಿತ್ತು, ಅಂದರೆ ಒಳಗೇನಿದೆ ಅಂತ ವಿಂಡೋಸಿಗೆ ತಿಳಿಯುತ್ತಿಲ್ಲ. ತೆರೆಯಲು ಹೋದರೆ ಫಾರ್ಮ್ಯಾಟ್ ಮಾಡಲಾ ಅಂತ ಕೇಳುತ್ತಿತ್ತು.

ಕಳೆದ ಫೈಲು ಹುಡುಕಿ ತೆಗೆಯುವ ಫೋಟೋರೆಕ್ ಹಾಕಿ ಆದಷ್ಟು ಹೆಕ್ಕಿದೆವು. ಆ ಸಾಫ್ಟ್‌ವೇರ್ ಫೈಲಿನ ತಲೆಯಲ್ಲಿರುವ ಗುರುತು ನೋಡಿ ಎತ್ತುತ್ತದೆ, ಹಾಗಾಗಿ ಹೆಸರು, ಫೋಲ್ಡರ್ ಏನೂ ವಾಪಸ್ ಬರಲ್ಲ. ಎಲ್ಲಕ್ಕೂ ಎಫ್ ಅನ್ನೋ ಅಕ್ಷರ, ಅದರ ಹಿಂದೆ ಉದ್ದಕ್ಕೆ ಅಂಕಿ. ನನ್ನ ಹೆಂಡತಿ ಎರಡು ತಿಂಗಳು ಸಂಜೆ ಹೊತ್ತು ಕೂತು, ಒಂದೊಂದೇ ತೆರೆದು, ವಧು-ವರರ ಹೆಸರು ಓದಿ ಹೆಸರಿಟ್ಟಳು. ಆಗ ನಡುವೆ ಒಮ್ಮೆ ಅವಳು ನನ್ನ ಮುಖ ನೋಡಿದ್ದು ಇನ್ನೂ ನೆನಪಿದೆ.

ಇನ್ನು ಕ್ಲೋನ್‌ಜಿಲ್ಲಾ ವಿಚಾರ. ಇದು ತೈವಾನಿನ ರಾಷ್ಟ್ರೀಯ ಹೈ-ಪರ್ಫಾರ್ಮೆನ್ಸ್ ಕಂಪ್ಯೂಟಿಂಗ್ ಕೇಂದ್ರದಲ್ಲಿ ಹುಟ್ಟಿದ್ದು. ಪೂರ್ತಿ ಉಚಿತ, ಸೋರ್ಸ್ ಕೂಡ ಮುಕ್ತ. ವಿಂಡೋಸ್ ಒಳಗೆ ಇನ್‌ಸ್ಟಾಲ್ ಮಾಡುವಂಥದ್ದಲ್ಲ. ಪೆನ್‌ಡ್ರೈವಿಗೆ ಹಾಕಿ ಅದರಿಂದಲೇ ಕಂಪ್ಯೂಟರ್ ಶುರು (ಬೂಟ್) ಮಾಡಬೇಕು. ಅಂಥ ಪೆನ್‌ಡ್ರೈವನ್ನು ನಾನು ರೂಫಸ್ ಅನ್ನೋ ಸಾಫ್ಟ್‌ವೇರಿನಲ್ಲಿ ಮಾಡಿಕೊಂಡೆ. ವಿಂಡೋಸ್ ಮಲಗಿರುವಾಗ ಇದು ಡಿಸ್ಕನ್ನು ಓದಿ, ಇಡೀ ಡಿಸ್ಕಿನ ಇಮೇಜನ್ನು (ಹೇಗಿದೆಯೋ ಹಾಗೇ ತೆಗೆದ ನಕಲು) ಎಕ್ಸ್‌ಟರ್ನಲ್ ಡಿಸ್ಕಿನಲ್ಲಿ ಒಂದು ಫೋಲ್ಡರಾಗಿ ಇಡುತ್ತದೆ. ಖಾಲಿ ಜಾಗವನ್ನು ಬಿಟ್ಟು ಫೈಲು ಇರುವ ಜಾಗವನ್ನಷ್ಟೇ ನಕಲು ಮಾಡುತ್ತದೆ. ನನ್ನ 500 ಜಿಬಿ ಡಿಸ್ಕಿನಲ್ಲಿ ತುಂಬಿದ್ದು 180 ಜಿಬಿ. ಕಂಪ್ರೆಸ್ ಆಗಿ ಇಮೇಜ್ 120ರ ಹತ್ತಿರ ಬಂತು. ನಿಮಿಷಕ್ಕೆ 2 ಜಿಬಿ ಲೆಕ್ಕದಲ್ಲಿ ಒಂದೂವರೆ ಗಂಟೆ.

ನೋಡಲು ಚೆನ್ನಾಗಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಹಳೇ ಡಾಸ್ ಕಾಲದ ಥರ ಚೌಕಚೌಕ ಪರದೆ, ಮೌಸಿಗೆ ಕೆಲಸ ಇಲ್ಲ. ಬಾಣದ ಕೀ, ಟ್ಯಾಬ್, ಸ್ಪೇಸ್, ಎಂಟರ್, ಅಷ್ಟೇ. ಶುರುವಿನಲ್ಲಿ ಭಾಷೆ ಕೇಳುತ್ತದೆ, ಕನ್ನಡ ಆ ಪಟ್ಟಿಯಲ್ಲಿಲ್ಲ. ಮೊದಲ ದಿನ ಪ್ರತಿ ಪರದೆಯನ್ನೂ ಮೊಬೈಲಲ್ಲಿ ಫೋಟೋ ಹೊಡೆದುಕೊಂಡೆ. ಎಂಥಾ ಉಪಕಾರ ಆಯ್ತು ಅಂದರೆ, ಆರು ವರ್ಷ ಆದರೂ ಅದೇ ಫೋಟೋ ನೋಡಿಕೊಂಡು ಮಾಡುತ್ತಿದ್ದೇನೆ. ಪರದೆಗಳು ಅಷ್ಟೇನೂ ಬದಲಾಗಿಲ್ಲ.

ನಡುವೆ ಒಂದು ಪ್ರಶ್ನೆ ಬರುತ್ತದೆ: ಉಳಿಸಿದ ಇಮೇಜನ್ನು ವಾಪಸ್ ಹಾಕಲು ಆಗುತ್ತದಾ ಅಂತ ಪರೀಕ್ಷೆ ಮಾಡಲಾ? ಹೂಂ ಅನ್ನಿ. ಇನ್ನೊಂದು ಮುಕ್ಕಾಲು ಗಂಟೆ ಜಾಸ್ತಿ ಹಿಡಿಯುತ್ತದೆ, ಹಿಡಿಯಲಿ. 2022ರಲ್ಲಿ ಒಮ್ಮೆ ಇಮೇಜ್ ತೆಗೆಯುವುದೆಲ್ಲ ಸಲೀಸಾಗಿ ಮುಗಿದು, ಈ ಪರೀಕ್ಷೆಯಲ್ಲಿ ಇಮೇಜ್ ಕೆಟ್ಟಿದೆ ಅಂತ ಬಂತು. ಹುಡುಕಿದರೆ ತಪ್ಪು ನನ್ನ ಕೇಬಲಿನದು. ಒಂದು ಕಡೆ ಬಾಗಿ ಬಾಗಿ ಒಳಗೆ ಸವೆದಿತ್ತು. ಅವತ್ತು ಪರೀಕ್ಷೆ ಬಿಟ್ಟಿದ್ದರೆ ನನ್ನ ಹತ್ತಿರ ಬ್ಯಾಕಪ್ ಇದೆ ಅಂದುಕೊಂಡು ನಿದ್ದೆ ಮಾಡುತ್ತಿದ್ದೆ.

ನಿಜವಾಗಿ ಕೈ ಹಿಡಿದಿದ್ದು 2020ರ ಜನವರಿಯಲ್ಲಿ. ವಿಂಡೋಸ್ 7ಕ್ಕೆ ಮೈಕ್ರೋಸಾಫ್ಟ್ ಬೆಂಬಲ ನಿಲ್ಲಿಸಿದ್ದು ಆ ತಿಂಗಳ 14ಕ್ಕೆ. ಇಮೇಜ್ ತೆಗೆದಿಟ್ಟು ವಿಂಡೋಸ್ 10 ಹಾಕಿದೆ. ಎಲ್ಲಾ ಸರಿ, ಹಳೇ ಸ್ಕ್ಯಾನರ್ ಮಾತ್ರ ಮಾತಾಡಲಿಲ್ಲ. ಮದುವೆ ಸೀಸನ್ನು, ಫೋಟೋ ಸ್ಕ್ಯಾನ್ ಇಲ್ಲದೆ ಅಂಗಡಿ ತೆಗೆಯುವ ಹಾಗಿಲ್ಲ. ಪೆನ್‌ಡ್ರೈವ್ ಹಾಕಿ ವಾಪಸ್ ಹಾಕಲು ಕೊಟ್ಟು, ಎದುರುಗಡೆ ಹೋಟೆಲಿನಲ್ಲಿ ಬೆಣ್ಣೆ ದೋಸೆ ತಿಂದು ಬಂದೆ. ದೋಸೆ ಗಂಟಲಲ್ಲಿ ಇಳಿಯಲಿಲ್ಲ, ಅದು ಬೇರೆ ಮಾತು. ಸಂಜೆ ಆನ್ ಮಾಡಿದರೆ ಹಳೇ ವಿಂಡೋಸ್ 7, ಅದೇ ವಾಲ್‌ಪೇಪರ್. ರಿಸೈಕಲ್ ಬಿನ್ನಿನಲ್ಲಿ ನಾನು ಅಳಿಸಿ ಬಿಟ್ಟಿದ್ದ ಫೈಲುಗಳೂ ಇದ್ದವು. ನುಡಿ ತೆರೆದು ಒಂದು ಸಾಲು ಟೈಪ್ ಮಾಡಿ ನೋಡಿದೆ. ಬಂತು. ಆ ವರ್ಷದ ಕೊನೆಗೆ ಹೊಸ ಸ್ಕ್ಯಾನರ್ ಕೊಂಡ ಮೇಲೆ ವಿಂಡೋಸ್ 10ಕ್ಕೆ ಹೋದೆ.

ವಿಂಡೋಸ್ 10 ಬಂದ ಮೇಲೆ ಹೊಸ ಕಿರಿಕಿರಿ ಒಂದು. ಶಟ್‌ಡೌನ್ ಮಾಡಿದೆ ಅಂದುಕೊಂಡರೂ ಅದು ಪೂರ್ತಿ ಮಲಗಿರುವುದಿಲ್ಲ. 'ಫಾಸ್ಟ್ ಸ್ಟಾರ್ಟ್‌ಅಪ್' ಆನ್ ಇದ್ದರೆ ಅರ್ಧ ನಿದ್ದೆಯಲ್ಲಿರುತ್ತದೆ, ಕ್ಲೋನ್‌ಜಿಲ್ಲಾ ಅಂಥ ಪಾರ್ಟಿಷನ್ ಮುಟ್ಟಲು ಒಪ್ಪುವುದಿಲ್ಲ, ಎರರ್ ಕೊಟ್ಟು ನಿಲ್ಲುತ್ತದೆ. ಶಿಫ್ಟ್ ಕೀ ಒತ್ತಿ ಹಿಡಿದು ಶಟ್‌ಡೌನ್ ಕ್ಲಿಕ್ ಮಾಡಿದರೆ ಸರಿಯಾಗಿ ಆಫ್ ಆಗುತ್ತದೆ. ಇದು ಗೊತ್ತಾಗುವ ಹೊತ್ತಿಗೆ ನನ್ನ ಒಂದು ಭಾನುವಾರ ಹೋಗಿತ್ತು.

2021ರಲ್ಲಿ ಹಳೇ ಡಿಸ್ಕಿನ ಬದಲಿಗೆ 480 ಜಿಬಿ ಎಸ್‌ಎಸ್‌ಡಿ (ಚಿಪ್ಪಿನ ವೇಗದ ಡಿಸ್ಕು) ತಂದೆ. ಇಲ್ಲಿ ಒಂದು ಗುಂಡಿ ಇದೆ. ಹೊಸ ಡಿಸ್ಕು ಹಳೆಯದರಷ್ಟೇ ಇರಬೇಕು ಅಥವಾ ದೊಡ್ಡದಿರಬೇಕು ಅಂತ ಕ್ಲೋನ್‌ಜಿಲ್ಲಾದ ನಿಯಮ. ಒಳಗೆ ಎಷ್ಟು ತುಂಬಿದೆ ಅನ್ನುವುದು ಲೆಕ್ಕಕ್ಕಿಲ್ಲ. ಡಿಸ್ಕಿನ ಮೇಲೆ 500 ಜಿಬಿ ಅನ್ನುವುದು ವಿಂಡೋಸಿನ ಲೆಕ್ಕದಲ್ಲಿ 465, 480 ಅನ್ನುವುದು 447. ಹದಿನೆಂಟು ಜಿಬಿ ಸಾಲದೆ ಬಂತು. ಡಿಸ್ಕ್ ಮ್ಯಾನೇಜ್‌ಮೆಂಟಿನಲ್ಲಿ ಕೊನೆಯ ಡಿ ಡ್ರೈವನ್ನು 25 ಜಿಬಿ ಕುಗ್ಗಿಸಿದೆ. ಆಮೇಲೆ ಎಕ್ಸ್‌ಪರ್ಟ್ ಮೋಡಿಗೆ ಹೋಗಿ, ಡಿಸ್ಕಿನ ಅಳತೆ ಪರೀಕ್ಷೆ ಬಿಟ್ಟುಬಿಡು ಅನ್ನುವ ಆಯ್ಕೆಗೆ ಟಿಕ್ ಹಾಕಿದೆ. ಕುಗ್ಗಿಸುವುದಕ್ಕೂ ಮುಂಚೆ ಇಮೇಜ್ ತೆಗೆದಿದ್ದೆ ಅಂತ ಬೇರೆ ಹೇಳಬೇಕಿಲ್ಲ ಅಲ್ವಾ.

ಅವತ್ತು ಇಮೇಜ್ ಇದ್ದಿದ್ದು ಒಳ್ಳೆಯದೇ ಆಯಿತು. ಡಿಸ್ಕಿನಿಂದ ಡಿಸ್ಕಿಗೆ ನೇರ ಕ್ಲೋನ್ ಮಾಡುವಾಗ ಡಿಸ್ಕುಗಳ ಹೆಸರು ಲಿನಕ್ಸ್ ರೀತಿ ಎಸ್‌ಡಿಎ, ಎಸ್‌ಡಿಬಿ ಅಂತ ಬರುತ್ತವೆ. ನಿನ್ನೆ ಎಸ್‌ಡಿಎ ಆಗಿದ್ದ ಡಿಸ್ಕು ಇವತ್ತು ಕೇಬಲ್ ಬದಲಾದರೆ ಎಸ್‌ಡಿಬಿ ಆಗಬಹುದು. ನಾನು ನೆನಪಿನ ಮೇಲೆ ಒತ್ತಿದೆ. ಎಸ್‌ಎಸ್‌ಡಿಯಲ್ಲಿ ಪರೀಕ್ಷೆಗೆ ಅಂತ ಹಾಕಿದ್ದ ಖಾಲಿ ವಿಂಡೋಸನ್ನು ತೆಗೆದುಕೊಂಡು ಹೋಗಿ ನನ್ನ ಹದಿನೈದು ವರ್ಷದ ಮೇಲೆ ಬರೆಯಲು ಹೊರಟಿದ್ದೆ. ಕೊನೆಗೆ ಯಾವ ಡಿಸ್ಕು ಅಳಿಸಿಹೋಗುತ್ತದೆ ಅಂತ ಮಾಡೆಲ್ ಹೆಸರಿನ ಜೊತೆ ತೋರಿಸಿ, ವೈ ಒತ್ತು ಅಂತ ಎರಡು ಸಲ ಕೇಳುತ್ತದೆ. ಒಂದನೇ ವೈ ಒತ್ತಿಯಾಗಿತ್ತು. ಎರಡನೆಯದಕ್ಕೆ ಕಣ್ಣು ಮಾಡೆಲ್ ನಂಬರಿನ ಮೇಲೆ ಬಿತ್ತು, ಬೆರಳು ಅಲ್ಲೇ ನಿಂತಿತು. ಈಗ ಎರಡೂ ಡಿಸ್ಕಿಗೆ ಬಿಳಿ ಟೇಪ್ ಅಂಟಿಸಿ, ಮಾಡೆಲ್, ಸೀರಿಯಲ್ ನಂಬರಿನ ಕೊನೆಯ ನಾಲ್ಕು ಅಕ್ಷರ ಮಾರ್ಕರಿನಲ್ಲಿ ಬರೆದಿದ್ದೇನೆ. ಬೇಡದ ಡಿಸ್ಕಿನ ಕೇಬಲ್ ಕಿತ್ತೇ ಕೂರುತ್ತೇನೆ.

ಕೊರತೆ ಹೇಳುವುದಾದರೆ ದೊಡ್ಡದು ಎರಡು. ಒಂದು, ನಿನ್ನೆಯಿಂದ ಇವತ್ತಿಗೆ ಬದಲಾದದ್ದನ್ನಷ್ಟೇ ಸೇರಿಸಿಕೊಳ್ಳುವುದು ಇದಕ್ಕೆ ಬರುವುದಿಲ್ಲ. ಪ್ರತಿ ಸಲವೂ ಪೂರ್ತಿ ಇಮೇಜ್. ಹಾಗಾಗಿ ದಿನದ ಬ್ಯಾಕಪ್ಪಿಗೆ ಇದು ಬೇಡ. ನನ್ನ ಡಿ ಡ್ರೈವಿನ ಫೈಲುಗಳು ವಾರಕ್ಕೊಮ್ಮೆ ಬೇರೆ ಡಿಸ್ಕಿಗೆ ಸುಮ್ನೆ ಕಾಪಿ ಆಗುತ್ತವೆ. ಇನ್ನೊಂದು, ಇಮೇಜಿನೊಳಗಿಂದ ಒಂದೇ ಫೈಲು ತೆಗೆಯುವ ದಾರಿ ಇದರ ಮೆನುವಿನಲ್ಲಿಲ್ಲ. ಒಬ್ಬರು ಬಂದು "ಅಣ್ಣಾ, ನಮ್ಮ ದೊಡ್ಡ ಮಗಳದ್ದೇ ಕಾರ್ಡು, ಚಿಕ್ಕವಳ ಹೆಸರು ಹಾಕಿ ಕೊಡ್ರಿ" ಅಂದರು. ದೊಡ್ಡ ಮಗಳ ಕಾರ್ಡು ಇದ್ದಿದ್ದು ಹಳೇ ಇಮೇಜಿನಲ್ಲಿ ಮಾತ್ರ. ಒಂದು ಕಾರ್ಡಿಗೆ ಇಡೀ ಡಿಸ್ಕನ್ನು ಬೇರೊಂದು ಹಳೇ ಡಿಸ್ಕಿಗೆ ಇಳಿಸಿದೆ. ಆಮೇಲೆ ಗೊತ್ತಾಯಿತು, ರೆಸ್ಕ್ಯೂಜಿಲ್ಲಾ ಅಂತ ಇನ್ನೊಂದಿದೆ. ಅದೂ ಉಚಿತ. ಮೌಸ್ ನಡೆಯುತ್ತದೆ, ಕ್ಲೋನ್‌ಜಿಲ್ಲಾದ ಇಮೇಜನ್ನೇ ತೆರೆದು ಒಳಗಿನ ಫೈಲು ತೋರಿಸುತ್ತದೆ. ಹೊಸದಾಗಿ ಶುರು ಮಾಡುವವರು ಅಲ್ಲಿಂದಲೇ ಶುರು ಮಾಡಿದರೂ ನಷ್ಟ ಇಲ್ಲ. ನನಗೆ ಕೈ ಕೂತುಹೋಗಿದೆ, ಅದಕ್ಕೆ ಬಿಟ್ಟಿಲ್ಲ.

ಮಗಳ ಹೊಸ ಲ್ಯಾಪ್‌ಟಾಪಿನ ಮೇಲೂ ಪ್ರಯೋಗ ಮಾಡಿದೆ. ವಿಂಡೋಸ್ 11, ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್ ತಾನಾಗೇ ಆನ್ ಆಗಿತ್ತು, ನನಗೆ ಗೊತ್ತಿರಲಿಲ್ಲ. ಬೀಗ ಹಾಕಿದ ಪಾರ್ಟಿಷನ್ನಿನಲ್ಲಿ ಯಾವುದು ಖಾಲಿ, ಯಾವುದು ತುಂಬಿದೆ ಅಂತ ಹೊರಗಿನಿಂದ ಕಾಣುವುದಿಲ್ಲ. ಹಾಗಾಗಿ ಕ್ಲೋನ್‌ಜಿಲ್ಲಾ ಇದ್ದಷ್ಟನ್ನೂ ಎಳೆಯತೊಡಗಿತು. ನಿಲ್ಲಿಸಿ, ಸೆಟ್ಟಿಂಗ್ಸಿನಲ್ಲಿ ಎನ್‌ಕ್ರಿಪ್ಷನ್ (ಅದೇ ಬೀಗ) ಆಫ್ ಮಾಡಿ, ಅದು ಪೂರ್ತಿ ಬಿಚ್ಚಿಕೊಳ್ಳುವ ತನಕ ಕಾದು, ಆಮೇಲೆ ತೆಗೆದೆ. ಅದಕ್ಕೂ ಮುಂಚೆ 48 ಅಂಕಿಯ ರಿಕವರಿ ಕೀಯನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ನಿಮ್ಮದರಲ್ಲೂ ಒಮ್ಮೆ ನೋಡಿಕೊಳ್ಳಿ.

ಅಂಗಡಿ ಕಂಪ್ಯೂಟರಿನಲ್ಲಿ ಟಿಪಿಎಂ 2.0 ಅನ್ನೋ ಭದ್ರತೆಯ ಚಿಪ್ ಇಲ್ಲ, ವಿಂಡೋಸ್ 11 ಒಪ್ಪುವುದಿಲ್ಲ. ವಿಂಡೋಸ್ 10ಕ್ಕೂ 2025ರ ಅಕ್ಟೋಬರ್ 14ಕ್ಕೆ ಬೆಂಬಲ ಮುಗಿಯಿತು. ಹೊಸ ಮಷೀನ್ ತರಲೇಬೇಕು. ಹಳೇ ಇಮೇಜನ್ನು ಬೇರೆ ಮದರ್‌ಬೋರ್ಡಿನ ಮೇಲೆ ಇಳಿಸಿದರೆ ವಿಂಡೋಸ್ ಏಳುತ್ತದೆ ಅಂತ ಖಾತ್ರಿ ಇಲ್ಲ, ಅದು ಕ್ಲೋನ್‌ಜಿಲ್ಲಾದ ತಪ್ಪೂ ಅಲ್ಲ. ಮೊನ್ನೆ ಭಾನುವಾರ ಹಳೇ ಕಂಪ್ಯೂಟರಿನ ಕೊನೆಯ ಇಮೇಜ್ ತೆಗೆದು, ಪರೀಕ್ಷೆ ಮಾಡಿ, ಡಬ್ಬಿ ಮೇಲೆ ತಾರೀಕು ಬರೆದು ಬೀರುವಿನಲ್ಲಿಟ್ಟೆ. ಪೇಜ್‌ಮೇಕರ್ ಹೊಸ ಮಷೀನಿಗೆ ಹೇಗೆ ಹೋಗುತ್ತೋ ಗೊತ್ತಿಲ್ಲ. ಅಲ್ಲೀವರೆಗೂ ಹಳೆಯದು ಮೂಲೆಯ ಟೇಬಲ್ ಮೇಲೆ ಇರುತ್ತದೆ, ಹೊಸ ಬ್ಯಾಟರಿ ಹಾಕಿದ ಯುಪಿಎಸ್ ಜೊತೆ.