ಸೊಪ್ಪಿನಬೆಟ್ಟದಲ್ಲಿ ಉಪ್ಪಾಗೆ ಎಣಿಸಿಕೊಟ್ಟ ಸರ್ವೆ ತಂಡ: 5ಕ್ಕೆ 4 ಸ್ಟಾರ್

ಹೊಸನಗರದ ಹತ್ತಿರ ನಮ್ಮ ನಾಲ್ಕು ಮನೆಗೆ ಸೇರಿ 40 ಎಕರೆ ಸೊಪ್ಪಿನಬೆಟ್ಟ, ಅಂದರೆ ತೋಟಕ್ಕೆ ಸೊಪ್ಪು ತರಲು ಬಿಟ್ಟ ಕಾಡು, ಇದೆ. ಅಲ್ಲಿ ಉಪ್ಪಾಗೆ (ಹುಳಿ ಕಾಯಿ ಬಿಡುವ ಕಾಡುಮರ) ಕೊಯ್ಲು ವರ್ಷದಿಂದ ವರ್ಷಕ್ಕೆ ಜೋರಾಗುತ್ತಿದೆ, ಕಾಯಿಗೋಸ್ಕರ ಟೊಂಗೆಯನ್ನೇ ಕಡಿಯುವವರೂ ಇದ್ದಾರೆ. ಒಟ್ಟು ಎಷ್ಟು ಮರ ಇವೆ ಅಂತ ಗೊತ್ತಿಲ್ಲದೆ ಎಷ್ಟು ಕೊಯ್ಯಬಹುದು ಅಂತ ಹೇಳುವುದು ಹೇಗೆ, ಅಲ್ವಾ?

ಎರಡು ವರ್ಷದ ಹಿಂದೆ ಬೇರೆಯವರಿಂದ ಮಾಡಿಸಿದ್ದೆವು. ಅವರು ಜೀಪು ದಾರಿಯ ಪಕ್ಕದಲ್ಲೇ ಮರ ಎಣಿಸಲು 6 ಚೌಕ ಹಾಕಿ, 1,900 ಮರ ಇವೆ, 95 ಪರ್ಸೆಂಟ್ ಗ್ಯಾರಂಟಿ ಅಂತ ಬರೆದುಕೊಟ್ಟು ಹೋದರು. ದಾರಿ ಹೋಗುವುದು ಹಳ್ಳದ ಬದಿಗೆ, ನಮ್ಮಲ್ಲಿ ಉಪ್ಪಾಗೆ ದಟ್ಟ ಇರುವುದೂ ಅಲ್ಲೇ. ಅಂಥ ಕಡೆ 6ರ ಬದಲು 100 ಚೌಕ ಹಾಕಿದರೂ ಮೇಲಿನ ಗುಡ್ಡದ ಲೆಕ್ಕ ಬರುವುದಿಲ್ಲ.

ಈ ಸಲ ಬಂದದ್ದು ಇಬ್ಬರ ಸಣ್ಣ ತಂಡ. ರೇಟು ಹೇಳುವ ಮೊದಲು ಒಂದು ದಿನ ಬಂದು 8 ಚೌಕ ಎಣಿಸಿದರು. ಚೌಕ ಅಂದರೆ 20 ಮೀಟರ್ ಉದ್ದ, 20 ಮೀಟರ್ ಅಗಲ, ಹತ್ತಿರ ಹತ್ತಿರ 4 ಗುಂಟೆ. ಇಡೀ ಬೆಟ್ಟಕ್ಕೆ ಅಂಥವು 400 ಆಗುತ್ತವೆ. ಆ ಎಂಟರಲ್ಲಿ ಸಿಕ್ಕಿದ್ದು 0, 1, 5, 2, 0, 3, 4, 1. ಸರಾಸರಿ 2 ಮರ, ಆದರೆ ಏರಿಳಿತವೂ ಹೆಚ್ಚುಕಡಿಮೆ ಅಷ್ಟೇ ಇದೆ, ಅದಕ್ಕೇ ಚೌಕ ಜಾಸ್ತಿ ಬೇಕು ಅಂದರು. ನಮ್ಮ ಜಗಲಿಯಲ್ಲೇ ಕೂತು ಲೆಕ್ಕ ಹಾಕಿ ತೋರಿಸಿದರು: 95 ಪರ್ಸೆಂಟ್ ಭರವಸೆಯಲ್ಲಿ, ತಪ್ಪು 10 ಪರ್ಸೆಂಟ್ ಒಳಗಿರಬೇಕು ಅಂದರೆ 180ಕ್ಕೂ ಜಾಸ್ತಿ ಚೌಕ, 20 ಪರ್ಸೆಂಟ್ ಒಳಗಿದ್ದರೆ ಸಾಕು ಅಂದರೆ 69 ಚೌಕ, 30 ಪರ್ಸೆಂಟ್ ಆದರೂ ಪರವಾಗಿಲ್ಲ ಅಂದರೆ 34. ನಿಮಗೆ ಯಾವುದು ಬೇಕು ಅಂತ ನಮ್ಮನ್ನೇ ಕೇಳಿದರು. ಇದು ನನಗೆ ತುಂಬಾ ಹಿಡಿಸಿತು. ನಾವು ದುಡ್ಡು ನೋಡಿಕೊಂಡು 36ಕ್ಕೆ ಒಪ್ಪಿದೆವು.

95 ಪರ್ಸೆಂಟ್ ಅಂದರೆ ಏನು ಅಂತ ನನಗೆ ಅರ್ಥವಾದದ್ದೂ ಅವತ್ತೇ. ಇದೇ ಕ್ರಮದಲ್ಲಿ 100 ಸಲ ಹೊಸದಾಗಿ ಚೌಕ ಆರಿಸಿ ಎಣಿಸಿದರೆ, ಪ್ರತಿ ಸಲವೂ ಕನಿಷ್ಠ ಇಷ್ಟು, ಗರಿಷ್ಠ ಇಷ್ಟು ಅಂತ ಎರಡು ಅಂಕಿ ಸಿಗುತ್ತವೆ, ಸುಮಾರು 95 ಸಲ ನಿಜವಾದ ಸಂಖ್ಯೆ ಆ ಎರಡರ ನಡುವೆ ಇರುತ್ತದೆ. ಆ ಎರಡು ಅಂಕಿ ಕೊಡದೆ ಸುಮ್ನೆ 95 ಅಂದರೆ ಅದಕ್ಕೆ ಅರ್ಥವೇ ಇಲ್ಲ.

ಚೌಕ ಎಲ್ಲಿ ಬೀಳಬೇಕು ಅಂತ ಚೀಟಿ ಎತ್ತಿದ ಹಾಗೆ ಕಂಪ್ಯೂಟರಿನಲ್ಲೇ ಆರಿಸಿ, ಜಿಪಿಎಸ್ ಹಿಡಿದು ಹೋದರು. ಒಂದು ಚೌಕ ಪೂರ್ತಿ ಲಂಟಾನ ಮಟ್ಟಿಯೊಳಗೆ ಬಿತ್ತು. ನಮ್ಮ ಪಕ್ಕದ ಮನೆಯವರು, "ಇಲ್ಲಿ ಒಂದು ಉಪ್ಪಾಗೆನೂ ಇಲ್ಲ ಮಾರಾಯ್ರೆ, ಆಚೆ ಹಾಕಿ" ಅಂದರು. ತಂಡದ ಹುಡುಗಿ, "ಇಲ್ಲಣ್ಣ, ಸೊನ್ನೆಯನ್ನೂ ಬರೆದುಕೊಳ್ಳಲೇಬೇಕು, ಇಲ್ಲದಿದ್ದರೆ ಲೆಕ್ಕ ಉಬ್ಬುತ್ತದೆ" ಅಂತ ಕತ್ತಿ ಹಿಡಿದು ಒಳಗೆ ನುಗ್ಗಿದಳು. ಹೊರಗೆ ಬರುವಾಗ ಕೈಯೆಲ್ಲ ತರಚಿತ್ತು.

36 ಚೌಕದಲ್ಲಿ 76 ಮರ. ಇಡೀ ಬೆಟ್ಟಕ್ಕೆ ಸುಮಾರು 844, ಅಂದರೆ 600ರಿಂದ 1,090ರ ನಡುವೆ ಅಂತ ವರದಿಯ ಮೊದಲ ಪುಟದಲ್ಲೇ ಇದೆ. ಹಿಂದಿನ 1,900 ಎಲ್ಲಿ, ಇದೆಲ್ಲಿ! ಆ ಅಂಕಿ ನಂಬಿ ಕೊಯ್ಲಿಗೆ ಬಿಟ್ಟಿದ್ದಕ್ಕೆ ಈಗಲೂ ಹೊಟ್ಟೆ ಉರಿಯುತ್ತದೆ.

ಒಂದು ಸ್ಟಾರ್ ಕಡಿಮೆ ಮಾಡಲು ಕಾರಣ ಇದೆ. ಹಳ್ಳದ ಬದಿ ಒಂದು ಪಾಲು, ಮೇಲಿನ ಬೋಳುಗುಡ್ಡ ಇನ್ನೊಂದು ಪಾಲು ಅಂತ ಮೊದಲೇ ಬೇರೆ ಮಾಡಿಕೊಂಡು ಎಣಿಸಿದ್ದರೆ, ಅದೇ 36ರಲ್ಲಿ ತಪ್ಪು ಇನ್ನೂ ಕಡಿಮೆ ಆಗುತ್ತಿತ್ತು. ಕೇಳಿದಾಗ ಅವರೂ ಒಪ್ಪಿಕೊಂಡರು. ಇನ್ನೊಂದು, ಉಪ್ಪಾಗೆಯಲ್ಲಿ ಗಂಡು ಮರ, ಹೆಣ್ಣು ಮರ ಬೇರೆ ಬೇರೆ. ಅವರು ಬಂದದ್ದು ಡಿಸೆಂಬರಿನಲ್ಲಿ, ಮರದಲ್ಲಿ ಕಾಯಿ ಇಲ್ಲದ ಹೊತ್ತು, ಹಾಗಾಗಿ ಕಾಯಿ ಬಿಡುವ ಮರ ಎಷ್ಟು ಅಂತ ಗೊತ್ತಾಗಲೇ ಇಲ್ಲ. ನಮಗೆ ಬೇಕಾಗಿದ್ದು ಮುಖ್ಯವಾಗಿ ಅದೇ. ಮುಂದಿನ ಆಷಾಢದಲ್ಲಿ ಅದೇ 36 ಚೌಕಕ್ಕೆ ಮತ್ತೆ ಬನ್ನಿ ಅಂತ ಹೇಳಿದ್ದೇನೆ, ಮೂಲೆಗೆಲ್ಲ ಕಲ್ಲು ನೆಟ್ಟಾಗಿದೆ. ಉಂಬಳಕ್ಕೆ (ಜಿಗಣೆಗೆ) ಸುಣ್ಣ, ಹೊಗೆಸೊಪ್ಪು ನಮ್ಮ ಮನೆಯಿಂದಲೇ ಕೊಡುತ್ತೇವೆ.